ಹುತ್ತದ ಪಕ್ಕದ ಮರದ ಮನೆ

ನನ್ನ ಭಾವ ರಮಾನಾಥರಿಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಅಂಥವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಬುದ್ಧಿ ಉಪಯೋಗಿಸಿ ಜನ ಬಾರದ ಕಸುಬು ಹುಡುಕಿಕೊಳ್ಳುತ್ತಾರೆ. ಗೋದಾಮು ಕಾಯುತ್ತಾರೆ, ಗಡಿಯಾರ ರಿಪೇರಿ ಮಾಡುತ್ತಾರೆ. ಇವರು ಹೋಟೆಲು ಇಟ್ಟರು.

ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ದೆಹಲಿಗೆ ಬಂದವರು. ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಕಾವಲಿಯ ಮುಂದೆ ನಿಂತು, ಆಮೇಲೆ ಆ ಮಾವನ ಜೊತೆಗೇ ಜಗಳವಾಡಿ ಹೊರಬಿದ್ದು, ಕೊನೆಗೆ ಮುನಿರ್ಕಾದ ಗಲ್ಲಿಯೊಂದರಲ್ಲಿ ತಮ್ಮದೇ ಹೋಟೆಲು ತೆರೆದರು. ಸುತ್ತಮುತ್ತಲ ವಿಶ್ವವಿದ್ಯಾಲಯದ ಹುಡುಗರೆಲ್ಲ ಅಲ್ಲಿಗೆ ಬರುತ್ತಿದ್ದರು. ದೋಸೆ ಚೆನ್ನಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಯಜಮಾನ ಮಾತ್ರ ದೂರ್ವಾಸ. ಎರಡನೆಯ ಸಲ ಸಾಂಬಾರು ಕೇಳಿದವನನ್ನು ಕೆಕ್ಕರಿಸಿ ನೋಡುವರು. ಮೂರನೆಯ ಸಲ ಕೇಳಿದವನಿಗೆ, "ಸ್ನಾನ ಮಾಡ್ಲಿಕ್ಕುಂಟಾ?" ಎಂದು ಕನ್ನಡದಲ್ಲೇ ಕೇಳುವರು. ಹುಡುಗರು ಅದನ್ನು ದಕ್ಷಿಣದ ಕಡೆಯ ಏನೋ ಉಪಚಾರದ ಮಾತು ಎಂದುಕೊಂಡು ನಗುತ್ತಾ ತಲೆಯಾಡಿಸುತ್ತಿದ್ದರು.

ನಾನು ವೈಜಯಂತಿ, ಅವರ ಹೆಂಡತಿ ಅಮ್ಮಣ್ಣಿಯ ತಂಗಿ. ಮದುವೆಯಾಗಲಿಲ್ಲ. ದೆಹಲಿಯ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸದಲ್ಲಿ ಗಂಟಲು ಹರಿದುಕೊಂಡು ನಿವೃತ್ತಳಾದ ಮೇಲೆ, ಮಯೂರ್ ವಿಹಾರದ ಅಕ್ಕನ ಫ್ಲ್ಯಾಟಿನಲ್ಲಿಯೇ ಒಂದು ಕೋಣೆ ಹಿಡಿದು ಕೂತಿದ್ದೇನೆ. ಭಾವನಿಗೂ ನನಗೂ ಎಣ್ಣೆ ಸೀಗೆಕಾಯಿ. ಅವರು ನನ್ನನ್ನು "ಟೀಚರಮ್ಮ" ಎಂದು ಕರೆಯುತ್ತಾರೆ, ಅದರಲ್ಲಿ ಗೌರವ ಇಲ್ಲ. ಆದ್ದರಿಂದ ಇಲ್ಲಿ ನಾನು ಬರೆಯುವುದನ್ನು ಪಕ್ಷಪಾತ ಎಂದು ಯಾರಾದರೂ ಹೇಳಿದರೆ ಹೇಳಿಕೊಳ್ಳಲಿ. ಅವರ ಮನೆಯಲ್ಲಿ ಇದ್ದುಕೊಂಡು ನಿಷ್ಪಕ್ಷಪಾತವಾಗಿರುವುದು ದೇವರಿಗೂ ಆಗುವ ಕೆಲಸವಲ್ಲ.

ಅವರ ಕೋಪದ ಬಗ್ಗೆ ಒಂದು ಮಾತು ಹೇಳಬೇಕು. ಅದು ಬಂದು ಹೋಗುವ ಕೋಪವಲ್ಲ, ಮನೆಯ ಯಜಮಾನನ ಹಾಗೆ ಖಾಯಮ್ಮಾಗಿ ಇರುವ ಕೋಪ. ಫ್ಯಾನು ಜೋರಾದರೆ ಕೋಪ, ಮೆಲ್ಲಗಾದರೆ ಕೋಪ. ಅಕ್ಕ ಫೋನಿನಲ್ಲಿ ನಕ್ಕರೆ, "ಯಾರ ಹತ್ರ ಹಲ್ಲು ಕಿರಿಯುದು?" ಸಾರಿಗೆ ಉಪ್ಪು ಕಮ್ಮಿಯಾದ ದಿನ ತಟ್ಟೆ ಗೋಡೆಗೆ ಹೋಗುತ್ತಿತ್ತು. ಅಕ್ಕ ಮಾತಾಡದೆ ಗೋಡೆ ಒರೆಸುವಳು. ಎಷ್ಟೋ ವರ್ಷ ನಾನು ಅವಳನ್ನು ಬೈದಿದ್ದೇನೆ. "ನೀನು ಒರೆಸ್ತಿ, ಅದಕ್ಕೆ ಅವ್ರು ಎಸೀತಾರೆ" ಎನ್ನುತ್ತಿದ್ದೆ. ಅವಳು, "ಒರೆಸದಿದ್ರೆ ಕಲೆ ಉಳೀತದೆ ಮಾರಾಯ್ತಿ" ಎನ್ನುವಳು. ಅವಳಿಗೆ ದೇವರು, ವ್ರತ, ಉಪವಾಸ ಇವಿಷ್ಟೇ ಆಸರೆ. ಷಷ್ಠಿ ಬಿಟ್ಟವಳಲ್ಲ, ನಾಗರಪಂಚಮಿ ಬಿಟ್ಟವಳಲ್ಲ.

ಮಗ ಹಿತೇಶ್ ದೊಡ್ಡವನಾಗಿ ಹೋಟೆಲು ಕೈಗೆ ತೆಗೆದುಕೊಂಡ. ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಒಂದು ದಿನ ಮೆನುವಿನಲ್ಲಿ ಚೀಸ್ ದೋಸೆ, ಪನೀರ್ ದೋಸೆ, ಚಾಕೊಲೇಟ್ ದೋಸೆ ಎಂದು ಸೇರಿಸಿದ. ಭಾವ ಗಿರಾಕಿಗಳ ಎದುರಿಗೇ ಸಟ್ಟುಗ ಎತ್ತಿ ಕಾವಲಿಯ ಮೇಲಿದ್ದ ಚಾಕೊಲೇಟ್ ದೋಸೆಯನ್ನು ನೆಲಕ್ಕೆ ಎಸೆದರು. ಹಿತೇಶ್, "ಪಪ್ಪಾ, ಬಸ್. ನೀವು ನಾಳೆಯಿಂದ ಮತ್ ಆನಾ" ಎಂದ. ಭಾವ ಏಪ್ರನ್ ಬಿಚ್ಚಿ ಅಲ್ಲೇ ಹಾಕಿ ಮನೆಗೆ ಬಂದರು. ಹೋಟೆಲಿನಲ್ಲಿ ಊರಿನವರಿಗೆಲ್ಲ ಹಂಚಿಹೋಗುತ್ತಿದ್ದ ಕೋಪ ಅಂದಿನಿಂದ ನಮ್ಮಿಬ್ಬರ ಪಾಲಿಗೆ ಪೂರ್ತಿ ಸಿಕ್ಕಿತು.

ಬೆಳಗಿನಿಂದ ಸಂಜೆಯವರೆಗೆ ಅವರು ಮನೆಯಲ್ಲಿ. ಕೂತಲ್ಲಿ ಫೋನು. ಫೋನಿನಲ್ಲಿ ಅವರಿಗೆ ಒಬ್ಬ ಗುರು ಸಿಕ್ಕ. ಯಾವುದೋ ಹಿಮದ ದೇಶದ ಗಡ್ಡದವನು, ಕಾಡಿನ ನಡುವೆ ಒಬ್ಬನೇ ಮರ ಕಡಿದು, ತೊಗಟೆ ಹೆರೆದು, ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಮನೆ ಕಟ್ಟುತ್ತಾನೆ. ಭಾವ ಒಂದೇ ವಿಡಿಯೋವನ್ನು ಎಷ್ಟು ಸಲ ನೋಡಿದರೋ ಅವರಿಗೇ ಗೊತ್ತಿಲ್ಲ. ಒಂದು ದಿನ ನಾನು ತಡೆಯಲಾರದೆ ಕೇಳಿದೆ, "ಅದ್ರಲ್ಲಿ ಎಂತ ಉಂಟು ಭಾವ ಅಷ್ಟು ನೋಡ್ಲಿಕ್ಕೆ?"

"ಅವ ಮಾತಾಡುದಿಲ್ಲ" ಎಂದರು. "ಅವ್ನ ಹತ್ರ ಯಾರೂ ಏನೂ ಕೇಳುದೂ ಇಲ್ಲ."

ಆ ಒಂದು ಉತ್ತರ ಮಾತ್ರ ಅವರು ನನಗೆ ಕೋಪವಿಲ್ಲದೆ ಕೊಟ್ಟದ್ದು. ಕೆಲವೇ ದಿನದಲ್ಲಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದರು, "ನಾನು ಗುಡ್ಡದ ಮೇಲೆ ಮರದ ಮನೆ ಕಟ್ತೇನೆ. ಒಬ್ನೇ ಇರ್ತೇನೆ. ನೀವಿಬ್ರೂ ಬರೂದು ಬೇಡ."

ಅಕ್ಕ ಅತ್ತಳು. ಜನ ಏನಂದಾರು ಎಂದು ಅತ್ತಳು, ಈ ವಯಸ್ಸಿನಲ್ಲಿ ಕಾಡಿನಲ್ಲಿ ಬಿದ್ದರೆ ಯಾರು ಎತ್ತುತ್ತಾರೆ ಎಂದು ಅತ್ತಳು. ಊರಿನಿಂದ ಫೋನು ಬಂದಾಗ, "ಅವರಿಗೆ ವಾನಪ್ರಸ್ಥದ ಮನಸ್ಸಾಗಿದೆ" ಎಂದು ಸುಳ್ಳು ಹೇಳಿದಳು. ವಾನಪ್ರಸ್ಥಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋಗುವುದು ಪದ್ಧತಿ. ಇವರು ಪ್ರೆಷರ್ ಕುಕ್ಕರ್ ಒಂದನ್ನೇ ಕರೆದುಕೊಂಡು ಹೋಗುವವರಿದ್ದರು.

ಜಾಗ ಕೊಟ್ಟವನು ಮುನಿರ್ಕಾದಲ್ಲಿ ಹೋಟೆಲಿದ್ದ ಕಟ್ಟಡದ ಮಾಲೀಕ. ಎಲ್ಲರೂ ಅವನನ್ನು ಚೌಧರಿ ಎನ್ನುತ್ತಾರೆ. ಅವನಿಗೆ ಹರಿಯಾಣದ ಸೋಹ್ನಾದ ಆಚೆ ಅರಾವಳಿಯ ಗುಡ್ಡದಲ್ಲಿ ಯಾವ ಕೆಲಸಕ್ಕೂ ಬಾರದ ಕಲ್ಲುಭೂಮಿ ಇತ್ತು. ಅವನು ಹೇಳಿದ್ದು ಒಂದೇ ಶರತ್ತು, ಅಲ್ಲಿ ಇಟ್ಟಿಗೆ ಸಿಮೆಂಟು ಮುಟ್ಟಬಾರದು. ಇಟ್ಟಿಗೆಯ ಮೇಲೆ ಇಟ್ಟಿಗೆ ಕಂಡರೆ ಸರಕಾರದ ಬುಲ್ಡೋಜರ್ ಬರುತ್ತದೆ, ಮರದ್ದಾದರೆ ಕೋಳಿಗೂಡು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಭಾವನಿಗೆ ಅದು ವರವಾಗಿ ಕಂಡಿತು.

ಭೂಮಿಪೂಜೆಗೆಂದು ನಾವೆಲ್ಲ ಹೋದೆವು. ಹಿತೇಶ್ ಕಾರು ಓಡಿಸಿದ, ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಗುರುಗ್ರಾಮದ ಗಾಜಿನ ಕಟ್ಟಡಗಳು ಮುಗಿದ ಮೇಲೆ ಕಲ್ಲಿನ ಗುಡ್ಡ, ಅದರ ತುಂಬ ಜಾಲಿ. ಅದನ್ನು ಇಲ್ಲಿಯವರು ಕೀಕರ್ ಎನ್ನುತ್ತಾರೆ, ಮುಳ್ಳು ಚಪ್ಪಲಿಯನ್ನೂ ಹೊಕ್ಕು ಕಾಲಿಗೆ ಬರುತ್ತದೆ. ನೀರಿಲ್ಲ, ನೆರಳಿಲ್ಲ. ನವಿಲು ಕೂಗುತ್ತದೆ ಎಂದು ಕವಿಗಳು ಹೊಗಳುತ್ತಾರಲ್ಲ, ಅದನ್ನು ಹತ್ತಿರದಿಂದ ಕೇಳಿದರೆ ಬೆಕ್ಕಿನ ಬಾಲಕ್ಕೆ ಬಾಗಿಲು ಬಡಿದ ಹಾಗಿರುತ್ತದೆ. ನನಗೆ ಆ ಜಾಗ ನೋಡಿದ ಕೂಡಲೇ ಆಗಲಿಲ್ಲ.

ಸಮತಟ್ಟಾಗಿದ್ದದ್ದು ಒಂದೇ ತುಂಡು ನೆಲ. ಅದರ ಅಂಚಿನಲ್ಲಿ ಎದೆಮಟ್ಟದ ಒಂದು ಹುತ್ತ. ಕೆಲಸಕ್ಕೆ ಬಂದ ಆಳುಗಳು ಆ ಕಡೆಯವರು. ಒಬ್ಬ ಹಾರೆ ಎತ್ತಿಕೊಂಡು, "ಬಾಬೂಜಿ, ಯೇ ದೀಮಕ್ ಕಾ ಘರ್ ಹೈ, ಪೆಹಲೇ ಇಸೇ ತೋಡ್ ದೇತೇ ಹೈಂ" ಎಂದ. ದೀಮಕ್ ಎಂದರೆ ಗೆದ್ದಲು, ಮೊದಲು ಇದನ್ನು ಒಡೆದುಬಿಡೋಣ ಎಂದು ಅವನ ಮಾತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಮರದ ಮನೆ ಕಟ್ಟುವವನು ಮೊದಲು ಗೆದ್ದಲನ್ನು ಓಡಿಸಬೇಕು, ಅದಕ್ಕೆ ವಿದ್ಯೆ ಬೇಕಾಗಿಲ್ಲ.

ಆದರೆ ನಮ್ಮ ಕಣ್ಣಿಗೆ ಅದು ಗೆದ್ದಲಿನ ಮನೆಯಾಗಿ ಕಾಣಲೇ ಇಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತಂತೆ ಎನ್ನುವುದು ನಮ್ಮ ಗಾದೆ. ಆ ಗಾದೆ ಕೇಳಿ ಕೇಳಿ ನಮಗೆ ಹಾವಷ್ಟೇ ನೆನಪಿರುತ್ತದೆ, ಗೆದ್ದಲು ಮರೆತುಹೋಗುತ್ತದೆ. ಭಾವ ಹಾರೆಯವನ ಮೇಲೆ ಹಾಯ್ದು ಹೋದರು. "ಹಾಥ್ ಮತ್ ಲಗಾನಾ," ಮುಟ್ಟಬೇಡ ಎಂದು ಕೂಗಿದ ರೀತಿಗೆ ಅವನು ಹಾರೆ ಕೆಳಗೆ ಹಾಕಿ ದೂರ ಹೋಗಿ ನಿಂತ. ಭಾವ ದೇವರನ್ನು ನಂಬುವವರಲ್ಲ. ಹೋಟೆಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದದ್ದು ಗಿರಾಕಿಗಳಿಗೋಸ್ಕರ. ಆದರೆ ನಾಗನೆಂದರೆ ಅವರಿಗೆ ಭಯ. ಚಿಕ್ಕಂದಿನಲ್ಲಿ ಅವರ ಮೈಮೇಲೆ ಏನೋ ಚರ್ಮದ ಕಾಯಿಲೆ ಎದ್ದು, ಅಜ್ಜ ಗದ್ದೆಯ ಬದುವಿನ ಹುತ್ತ ಕಡಿಸಿದ್ದರಿಂದ ಹೀಗಾಯಿತು ಎಂದು ಸುಬ್ರಹ್ಮಣ್ಯಕ್ಕೆ ಹೊತ್ತುಕೊಂಡು ಹೋಗಿ ಆಶ್ಲೇಷಾ ಬಲಿ ಮಾಡಿಸಿದ್ದರಂತೆ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು. ಅಕ್ಕ ಪೂಜೆಗೆಂದು ತಂದಿದ್ದ ಹಾಲನ್ನು ಹುತ್ತಕ್ಕೇ ಎರೆದು, ಅರಿಸಿನ ಹಚ್ಚಿ, ಕೈ ಮುಗಿದಳು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿತೇಶ್ ಮೊದಲ ಸಲ ಬಾಯಿ ಬಿಟ್ಟು, "ಚಿಕ್ಕಮ್ಮ, ಇವ್ರೆಲ್ಲ ಪಾಗಲ್ ಹೈಂ ಕ್ಯಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಾನು ಅವನಿಗೆ ಸುಮ್ಮನಿರು ಎಂದೆ. ಹುತ್ತದ ವಿಷಯದಲ್ಲಿ ನಾನೂ ಅದೇ ಊರಿನವಳು.

ಕಟ್ಟುವ ಕೆಲಸ ಚಳಿಗಾಲದಲ್ಲಿ ಶುರುವಾಯಿತು. ದೆಹಲಿಯ ಹೊಗೆ ಗುಡ್ಡದವರೆಗೂ ಬಂದು ಕೂತಿತ್ತು. ಆ ಹೊಗೆಯ ದೆಸೆಯಿಂದ ಕಟ್ಟಡದ ಕೆಲಸವೆಲ್ಲ ನಿಲ್ಲಿಸಬೇಕೆಂದು ಸರಕಾರದ ಆದೇಶ ಬಂದಾಗ ಭಾವ, "ನಾನು ಕಟ್ಟುದಲ್ಲ, ಜೋಡ್ಸುದು" ಎಂದು ವಾದಿಸಿ ಮುಂದುವರಿಸಿದರು. ವಿಡಿಯೋದವನು ದೇವದಾರು ಕಡಿದಿದ್ದ. ಅರಾವಳಿಯಲ್ಲಿ ಒಂದು ಕೊಂಬೆ ಕಡಿದರೂ ಕೇಸು, ಜಾಲಿಯಲ್ಲಿ ನೆಟ್ಟಗಿನ ಒಂದು ಗೂಟವೂ ಸಿಗುವುದಿಲ್ಲ. ಹಾಗಾಗಿ ಯಮುನಾನಗರದ ಕಡೆಯಿಂದ ಲಾರಿಯಲ್ಲಿ ನೀಲಗಿರಿಯ ದಿಮ್ಮಿ ತರಿಸಿದರು. ಹಸಿ ದಿಮ್ಮಿ. ಒಣಗಲು ಬಿಡಿ ಎಂದು ಲಾರಿಯವನೇ ಹೇಳಿದ್ದನಂತೆ. ಒಣಗುವವರೆಗೆ ನಮ್ಮ ಜೊತೆ ಇರಬೇಕಲ್ಲ, ಅದು ಅವರಿಗೆ ಸಾಧ್ಯವಿರಲಿಲ್ಲ.

ದಿಮ್ಮಿಯ ತುದಿಗಳಲ್ಲಿ ಕಚ್ಚು ತೆಗೆದು, ಒಂದರ ಕಚ್ಚಿನಲ್ಲಿ ಇನ್ನೊಂದು ಕೂರುವಂತೆ ಮೂಲೆ ಹೆಣೆಯುತ್ತಾ ಹೋಗಬೇಕು. ಆಳುಗಳ ಕಚ್ಚು ಅವರಿಗೆ ಸರಿಬರಲಿಲ್ಲ. ಬೈದರು. ಆಳುಗಳು ಬಿಟ್ಟು ಹೋದರು. ಬೇರೆಯವರು ಬಂದರು, ಅವರಿಗೂ ಬೈದರು. ನೀರಿನ ಟ್ಯಾಂಕರಿನವನ ಜೊತೆ ಜಗಳ, ಮೇಕೆ ಮೇಯಿಸುವವರ ಜೊತೆ ಜಗಳ. ಒಂದು ಬೆಳಿಗ್ಗೆ ಮೇಲಿನ ದಿಮ್ಮಿಗಳನ್ನು ಯಾರೋ ಇಳಿಜಾರಿನಲ್ಲಿ ಉರುಳಿಸಿ ಬಿಟ್ಟಿದ್ದರು. ಭಾವ ಒಂದೊಂದನ್ನೇ ಹಗ್ಗ ಕಟ್ಟಿ ಎಳೆದು ತಂದರು. ಮೊಂಡುತನದಲ್ಲಿ ಅವರನ್ನು ಮೀರಿಸುವವರನ್ನು ನಾನು ನೋಡಿಲ್ಲ. ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳನ್ನು ನೋಡಿದವಳು ಈ ಮಾತು ಹೇಳುತ್ತಿದ್ದೇನೆ.

ದಿಮ್ಮಿಗಳ ನಡುವಿನ ಸಂದು ಮುಚ್ಚಲು ವಿಡಿಯೋದವನು ಪಾಚಿ ತುರುಕುತ್ತಾನೆ. ಭಾವ ತೆಂಗಿನ ನಾರು ತುರುಕಿದರು. ಹೋಟೆಲಿನಲ್ಲಿ ಕಾಯಿ ಒಡೆಯುವಾಗ ಕಿತ್ತ ಜುಟ್ಟನ್ನೆಲ್ಲ ಪಾತ್ರೆ ಉಜ್ಜಲೆಂದು ಗೋಣಿಯಲ್ಲಿ ತುಂಬಿಡುವುದು ಅವರ ಹಳೆಯ ಅಭ್ಯಾಸ, ಆ ಗೋಣಿಗಳನ್ನೆಲ್ಲ ಹೊರಿಸಿಕೊಂಡು ಹೋದರು. ಮೇಲೆ ಮಣ್ಣು ಸೆಗಣಿ ಮೆತ್ತಿದರು. ಮಾಡಿಗೆ ತಗಡು ಹಾಕಿ, ನಮ್ಮೂರಿನ ಆಷಾಢದ ಮಳೆ ಇಲ್ಲಿಗೂ ಬರುವುದುಂಟು ಎನ್ನುವ ಹಾಗೆ ಕಡಿದಾಗಿ ಇಳಿಸಿದರು. ಹಸಿ ನೀಲಗಿರಿ, ತೆಂಗಿನ ನಾರು, ಸೆಗಣಿ, ಪಕ್ಕದಲ್ಲಿ ಹಾಲು ಕುಡಿದ ಹುತ್ತ. ಗೆದ್ದಲಿಗೆ ಬಾಳೆಲೆ ಹಾಕಿ ಬಡಿಸುವುದೊಂದು ಬಾಕಿ ಇತ್ತು.

ಹೋಳಿ ಕಳೆದ ಮೇಲೆ ಅವರು ಹೊರಟರು. ಅಕ್ಕ ಬಾಗಿಲಲ್ಲಿ ನಿಂತು, "ಆಗಾಗ ಫೋನ್ ಮಾಡಿ" ಎಂದಳು. "ಎಂತಕ್ಕೆ?" ಎಂದರು. ಲಿಫ್ಟಿನ ಬಾಗಿಲು ಮುಚ್ಚಿತು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ನಾನು ಸರಿಯಾಗಿ ಹೇಳಬೇಕು, ಏಕೆಂದರೆ ಅದು ನಡೆಯುತ್ತಿದ್ದಾಗ ನಮಗೆ ಗೊತ್ತಾಗಲಿಲ್ಲ. ಮೊದಮೊದಲು ಅಕ್ಕ ಬಾಗಿಲ ಗಂಟೆ ಸದ್ದಾದರೆ ಬೆಚ್ಚಿ ಏಳುತ್ತಿದ್ದಳು. ಒಂದು ಮಧ್ಯಾಹ್ನ ಸೋಫಾದ ಮೇಲೆಯೇ ನಿದ್ದೆ ಹೋದಳು. ಹಾಗೆ ಅವಳು ಹಗಲು ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ. ಫ್ಯಾನಿನ ಗುಂಡಿಯನ್ನು ತನಗೆ ಬೇಕಾದಲ್ಲಿಗೆ ತಿರುಗಿಸಿಕೊಂಡಳು. ರಾತ್ರಿಗೆ ಬ್ರೆಡ್ಡು ಸಾಕು ಎಂದಳು. ಸೊಸೈಟಿಯ ಪಾರ್ಕಿನಲ್ಲಿ ನಡೆಯಲು ಹೋಗುವ ಹೆಂಗಸರ ಗುಂಪು ಸೇರಿಕೊಂಡು, ಅಲ್ಲಿ ಯಾರಿಗೋ ಏನೋ ಹೇಳಿ ನಗಿಸಿದಳಂತೆ. ನನಗೆ ನಂಬಿಕೆ ಬರಲಿಲ್ಲ. ಮರುದಿನ ನಾನೂ ಹೋಗಿ ನೋಡಿದೆ. ಭಾವ ಸಾಂಬಾರು ಕೇಳಿದವನನ್ನು ನೋಡುವ ನೋಟವನ್ನು ಅವಳು ಅನುಕರಿಸುತ್ತಿದ್ದಳು, ಐದಾರು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಸಂತೋಷವಾಯಿತು, ಅದರ ಹಿಂದೆಯೇ ಹೊಟ್ಟೆ ಉರಿಯುವಷ್ಟು ಸಿಟ್ಟು ಬಂತು. ಈ ಅಕ್ಕ ಇಷ್ಟು ವರ್ಷ ಎಲ್ಲಿದ್ದಳು ಎಂದು.

ಬೇಸಿಗೆ ಬಂತು. ಭಾವನ ಕೋಣೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತದೆ. ಅಕ್ಕ ತನ್ನ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿ, ಅವರ ಮಂಚವನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಳು. "ಅವ್ರು ಬಂದ್ರೆ?" ಎಂದೆ. "ಯಾಕೆ ಬರ್ತಾರೆ? ಅಲ್ಲಿ ಅವ್ರಿಗೆ ಮನೆ ಉಂಟಲ್ಲ" ಎಂದಳು. ದೇವರ ಮುಂದೆ ಕೂತಾಗ ಅವಳು ಏನು ಬೇಡುತ್ತಾಳೆ ಎಂದು ನಾನು ಕೇಳುವವಳಲ್ಲ. ಅವಳಾಗಿಯೇ ಹೇಳಿದಳು, "ಆ ಮನೆ ಗಟ್ಟಿ ಇರ್ಲಿ ಅಂತ ಬೇಡ್ತೇನೆ."

ಅಲ್ಲಿ ಭಾವ ಹೇಗಿದ್ದರು ಎಂದರೆ, ಹಿತೇಶ್ ಒಮ್ಮೆ ಅಕ್ಕಿ ಬೇಳೆ ಹಾಕಿ ಬಂದವನು ಹೇಳಿದ, "ಮಮ್ಮಿ, ಪಪ್ಪಾ ಖುಷ್ ಲಗ್ ರಹೇ ಥೇ. ಬೈದಿಲ್ಲ ನಂಗೆ. ಥ್ಯಾಂಕ್ಸ್ ಭೀ ಹೇಳಿಲ್ಲ." ಬಿಸಿಗಾಳಿಗೆ ದಿಮ್ಮಿಗಳು ಸೀಳು ಬಿಟ್ಟಿದ್ದವಂತೆ, ಸೀಳಿನೊಳಗೆ ಮತ್ತೆ ನಾರು ತುರುಕುತ್ತಾ ಕೂತಿದ್ದರಂತೆ. ಹುತ್ತಕ್ಕೆ ಸುತ್ತ ಕಲ್ಲು ಜೋಡಿಸಿ ಕಟ್ಟೆ ಮಾಡಿದ್ದರಂತೆ. ಆಂಧಿ ಎನ್ನುವ ಧೂಳುಗಾಳಿ ಬಂದ ದಿನ ತಗಡು ಹಾರಿಹೋಗಿ, ಅದನ್ನೂ ಹುಡುಕಿ ತಂದು ಮೊಳೆ ಹೊಡೆದರಂತೆ. ಇದನ್ನೆಲ್ಲ ಕೇಳಿ ಅಕ್ಕ ಹಿತೇಶನ ಕೈಯಲ್ಲಿ ಒಂದು ಡಬ್ಬ ಮೊಳೆ ಕಳಿಸಿದಳು. ತಿಂಡಿ ಕಳಿಸಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಗೆದ್ದಲು ಎದ್ದಿತು.

ಹುತ್ತದ ಬುಡದಿಂದ ಮಣ್ಣಿನ ಗೆರೆಗಳು ಹೊರಟು, ಕಟ್ಟೆ ದಾಟಿ, ಕೆಳಗಿನ ದಿಮ್ಮಿ ಹತ್ತಿ, ನಾರಿನ ಸಂದಿನೊಳಗೆ ಮಾಯವಾದವು. ಭಾವ ಸೀಮೆಎಣ್ಣೆ ಸುರಿದರು, ಸುಣ್ಣ ಬಳಿದರು, ಗೆರೆಗಳನ್ನು ಪೊರಕೆಯಿಂದ ಗುಡಿಸಿದರು. ಮರುದಿನ ಬೆಳಿಗ್ಗೆ ಗೆರೆ ಮತ್ತೆ ಅದೇ ಜಾಗದಲ್ಲಿ. ಗುರುಗ್ರಾಮದಿಂದ ಮದ್ದು ಹೊಡೆಯುವವನೊಬ್ಬನನ್ನು ಹಿತೇಶ್ ಕರೆದುಕೊಂಡು ಹೋದ. ಅವನು ದಿಮ್ಮಿಯನ್ನು ಬೆರಳಿನಿಂದ ತಟ್ಟಿ ನೋಡಿ, ರಾಣಿಹುಳ ಹುತ್ತದೊಳಗಿದೆ, ಅದನ್ನು ಒಡೆದು ರಾಣಿಯನ್ನು ತೆಗೆದು ಗುಂಡಿಗೆ ಮದ್ದು ಹೊಯ್ಯಬೇಕು, ಹಾಗೆ ಮಾಡಿದರೆ ಕೆಳಗಿನ ಎರಡು ಸಾಲು ಬದಲಾಯಿಸಿ ಮನೆ ಉಳಿಸಬಹುದು, ಇಲ್ಲದಿದ್ದರೆ ದೀಪಾವಳಿಗೆ ಮಾಡು ನೆಲಕ್ಕೆ ಕೂರುತ್ತದೆ ಎಂದ. ಭಾವ ಅವನನ್ನು ಓಡಿಸಿದರು. ಹಿತೇಶನನ್ನೂ ಓಡಿಸಿದರು.

ನಾಗರಪಂಚಮಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿ ಕಾಯಿ ತುರಿಯುತ್ತಿದ್ದಳು.

"ಗೋಡೆ ಒಂದು ಬದಿಗೆ ವಾಲಿದೆ" ಎಂದರು. "ಇನ್ನು ಇಲ್ಲಿ ಇರ್ಲಿಕ್ಕೆ ಆಗುದಿಲ್ಲ. ಮುಂದಿನ ವಾರ ಮನೆಗೆ ಬರ್ತೇನೆ. ನನ್ನ ಕೋಣೆ ಗುಡಿಸಿಡು."

ಅಕ್ಕ, "ಹುತ್ತ ಒಡ್ಸಿದ್ರೆ ಮನೆ ಉಳೀತದಂತಲ್ಲ" ಎಂದಳು.

"ತಲೆ ಸರಿ ಉಂಟಾ ನಿಂಗೆ? ನಾಗನ ಜಾಗ ಅದು. ನೀನೇ ಹಾಲು ಹೊಯ್ದದ್ದು."

"ಹೌದು" ಎಂದಳು.

"ಮತ್ತೆ ಆ ಟೀಚರಮ್ಮನಿಗೆ ಹೇಳು, ನಾನು ಬರುವಾಗ ಮನೆಯಲ್ಲಿ ಆ ಟಿವಿ ಗಲಾಟೆ ಎಲ್ಲ ಇರಬಾರ್ದು." ಫೋನು ಇಟ್ಟರು.

ಅಕ್ಕ ತುರಿಮಣೆಯ ಮೇಲೆ ಕೂತೇ ಇದ್ದಳು. ಹೋಳಿನಲ್ಲಿ ಕಾಯಿ ಮುಗಿದು ಚಿಪ್ಪು ಕೆರೆಯುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ನಾನು ಅವಳ ಕೈಯಿಂದ ಹೋಳು ತೆಗೆದುಕೊಂಡೆ. ಆ ಸಂಜೆ ಅವಳು ಪಾರ್ಕಿಗೆ ಹೋಗಲಿಲ್ಲ. ಹಿತೇಶನಿಗೆ ಫೋನು ಮಾಡಿ ಅಪ್ಪನನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಳು. ಅವನು ದೆಹಲಿಯ ಇನ್ನೊಂದು ಮೂಲೆಯ ರೋಹಿಣಿಯಲ್ಲಿ ಹೆಂಡತಿಯೊಂದಿಗೆ ಇರುವವನು. "ಮಮ್ಮಿ, ಮರ್ ಜಾಊಂಗಾ, ಪರ್ ನಹೀಂ" ಎಂದ, ಸತ್ತರೂ ಅದೊಂದು ಆಗದು ಎಂದು.

ಎರಡು ದಿನ ಬಿಟ್ಟು ಅಕ್ಕ, "ಗುಡ್ಡಕ್ಕೆ ಹೋಗಿ ಬರುವ, ನೀನೂ ಬಾ" ಎಂದಳು. ಕ್ಯಾಬು ಮಾಡಿದೆವು. ಅವಳ ಕಾಲ ಬಳಿ ಮುಚ್ಚಳ ಬಿಗಿದ ಸ್ಟೀಲಿನ ಹಾಲಿನ ಕ್ಯಾನು. ಪಂಚಮಿಗೆ ಹುತ್ತಕ್ಕೆ ಎರೆಯಲಾಗಲಿಲ್ಲ, ಈಗ ಎರೆಯಲು ಹೊರಟಿದ್ದಾಳೆ, ಗೆದ್ದಲಿಗೆ ಬುದ್ಧಿ ಕೊಡು ಎಂದು ನಾಗನನ್ನು ಬೇಡುತ್ತಾಳೆ ಎಂದುಕೊಂಡೆ. ಇವಳ ಭಕ್ತಿಗೆ ನನಗೆ ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು.

ಮನೆ ನಿಜವಾಗಿಯೂ ವಾಲಿತ್ತು. ಭಾವ ಜಗಲಿಯಲ್ಲಿ ಕೂತಿದ್ದರು. ಗಡ್ಡ ಬೆಳೆದು, ಮೈ ಕಪ್ಪಾಗಿ, ವಿಡಿಯೋದವನ ಬಡ ತಮ್ಮನ ಹಾಗೆ ಕಾಣುತ್ತಿದ್ದರು. ನಮ್ಮನ್ನು ನೋಡಿ, "ಮುಂದಿನ ವಾರ ಅಂದದ್ದು ನಾನು. ಈಗ ಎಂತಕ್ಕೆ ಬಂದದ್ದು?" ಎಂದರು.

ಅಕ್ಕ ಜಗಲಿಯ ಮೂಲೆಯಲ್ಲಿ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡಳು. ಅದು ಅವಳಿಗೆ ಭಾರವಾಗಿತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾರೆಯನ್ನು ಎಳೆದುಕೊಂಡೇ ಹುತ್ತದ ಹತ್ತಿರ ಹೋದಳು. ನಾನು ಕ್ಯಾನು ಹಿಡಿದು ಅವಳ ಹಿಂದೆ ಹೋದೆ. ಆಗ ವಾಸನೆ ಮೂಗಿಗೆ ಬಡಿಯಿತು, ಅದರೊಳಗಿದ್ದದ್ದು ಹಾಲಲ್ಲ, ಗೆದ್ದಲಿನ ಮದ್ದು.

ಮೊದಲ ಪೆಟ್ಟಿಗೆ ಹುತ್ತದ ಮೈಯಲ್ಲಿ ಒಂದು ಚಕ್ಕೆ ಎದ್ದಿತು, ಅಷ್ಟೆ. ಅದು ಕಲ್ಲಿನಂತೆ ಗಟ್ಟಿ. ಎರಡನೆಯ ಪೆಟ್ಟಿಗೆ ಹಾರೆ ಜಾರಿತು. ಭಾವ ಜಗಲಿಯಿಂದ ಧುಮುಕಿ ಓಡಿ ಬಂದರು, ಆದರೆ ತಾವೇ ಜೋಡಿಸಿದ ಕಟ್ಟೆಯ ಹೊರಗೆ ನಿಂತುಬಿಟ್ಟರು. ಒಳಗೆ ಕಾಲಿಡಲಿಲ್ಲ. ಊರಿನವರನ್ನೆಲ್ಲ ಹೆದರಿಸಿದ ಮನುಷ್ಯ ಅಲ್ಲಿ ಚಿಕ್ಕ ಹುಡುಗನ ಹಾಗೆ ಕೈ ಮುಂದೆ ಚಾಚಿ ನಿಂತಿದ್ದರು.

"ಅಮ್ಮಣ್ಣಿ, ಬೇಡ" ಎಂದರು. "ನೀನು ಉಪವಾಸ ಮಾಡುವವಳು. ನಿಂಗೆ ಗೊತ್ತುಂಟು. ಪಾಪ ಬರ್ತದೆ."

ಮೂರನೆಯ ಪೆಟ್ಟಿಗೆ ಹುತ್ತದ ತಲೆ ಒಡೆದು ಒಳಗಿನ ತೂತುಗಳು ಕಂಡವು. ಅಕ್ಕ ಹಾರೆ ಊರಿ ಉಸಿರು ತೆಗೆದುಕೊಂಡಳು. ಅವಳು ಅಳುತ್ತಿದ್ದಳು. ಭಕ್ತಿಯಿಂದ ಕೈ ಮುಗಿದ ಜಾಗವನ್ನು ಒಡೆಯುವುದು ಅವಳಿಗೆ ಸುಲಭವಿರಲಿಲ್ಲ. ಗಂಡನ ಕಡೆ ತಿರುಗಿ, ಜೋರು ಮಾಡದೆ, ಸಾರಿಗೆ ಉಪ್ಪು ಎಷ್ಟು ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು.

"ಪಾಪ ಬರ್ಲಿ. ನನ್ನ ತಲೆ ಮೇಲೇ ಬರ್ಲಿ. ನೀವು ಮಾತ್ರ ಬರ್ಬೇಡಿ."

ಭಾವ ತನಗೆ ಯಾರೂ ಬೇಡವೆಂದು ಗುಡ್ಡ ಹತ್ತಿದವರು. ತಾನೂ ಯಾರಿಗೂ ಬೇಡವಾಗಿರಬಹುದು ಎಂಬ ಯೋಚನೆ ಅವರಿಗೆ ಅಲ್ಲಿಯವರೆಗೆ ಬಂದೇ ಇರಲಿಲ್ಲ, ಅದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಅವರನ್ನು ನೋಡಿ ಕನಿಕರವಾಗಬೇಕಿತ್ತು. ಆಗಲಿಲ್ಲ.

ಅಕ್ಕ ಮತ್ತೆ ಹಾರೆ ಎತ್ತಿದಳು. ಆಮೇಲೆ ಭಾವ ಹೋಗಿ ಗುದ್ದಲಿ ತಂದು, ಕಟ್ಟೆ ದಾಟಿ ಒಳಗೆ ಬಂದು, ಅವಳು ಒಡೆದ ಮಣ್ಣನ್ನು ಎಳೆದು ಹಾಕತೊಡಗಿದರು. ಹಾವು ಇರಲಿಲ್ಲ. ಆಳದಲ್ಲಿ ಹೆಬ್ಬೆರಳಿನಷ್ಟು ದಪ್ಪದ, ಬಿಳಿಯ, ಓಡಲಾರದ ರಾಣಿಹುಳ ಇತ್ತು. ಅಕ್ಕ ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು ಪೂರ್ತಿ ಬರಿದು ಮಾಡಿದಳು.

ಕೈ ತೊಳೆಯಲು ಭಾವ ಡ್ರಮ್ಮಿನಿಂದ ನೀರು ಮೊಗೆದು ಕೊಟ್ಟರು. ಅಕ್ಕ ಮೊಣಕೈವರೆಗೆ ತೊಳೆದುಕೊಂಡು, ಸೆರಗು ಬಿಚ್ಚಿ ಒರೆಸಿಕೊಂಡು, ಕ್ಯಾಬಿನ ಕಡೆಗೆ ಹೊರಟಳು. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಅವರು ಹಿಂದಿನಿಂದ ಹೇಳಿದರು.

"ಅನ್ನ ಇಟ್ಟಿದ್ದೇನೆ. ಸಾರೂ ಉಂಟು. ಉಂಡು ಹೋಗು."

ಮದುವೆಯಾದಂದಿನಿಂದ ಅವರು ಅವಳಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕ ನಿಂತಳು. ತಿರುಗಿ ನೋಡಲಿಲ್ಲ.

"ಬೇಡ" ಎಂದಳು. "ಕ್ಯಾಬಿನವ ಕಾಯ್ತಾನೆ."